ಸಿಂಕಿನ ಕೆಳಗಿನ ಆ ಎಲ್ಬೋ ಎಸೆಯಬೇಡಿ, ಅಕ್ಕೋರೇ

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಕಲಬುರಗಿಯಲ್ಲಿ ಸ್ವಂತ ಮನೆ. ಮೇಲೆ ನಾವು, ಕೆಳಗೆ ಬಾಡಿಗೆದಾರರು. ಈಚೆಗೆ 13,500 ರೂಪಾಯಿ ಕೊಟ್ಟು ಆರ್‌ಓ ಮೆಷಿನ್ ತಗೊಂಡೆವು. ಅಂಗಡಿಯವರು ಫಿಟ್ಟಿಂಗ್ ಉಚಿತ ಎಂದರು. ಕಂಪನಿ ಕಡೆಯ ಹುಡುಗ ಬಂದು ಕೂಡಿಸಿದ. ಬೋರ್ ನೀರು ಸವಳು, ಹೊರಗೆ ಒಂದು ಪ್ರಿ ಫಿಲ್ಟರ್ ಬೇಕೇ ಬೇಕು ಎಂದು ತನ್ನ ಚೀಲದಿಂದಲೇ ಒಂದು ತೆಗೆದು ಸಿಂಕಿನ ಕೆಳಗೆ ಹಾಕಿದ. ಅದಕ್ಕೆ 900 ರೂಪಾಯಿ ತನ್ನ ನಂಬರಿಗೆ ಫೋನ್‌ನಲ್ಲೇ ಹಾಕಿಸಿಕೊಂಡ. ಬಿಲ್ ಇಲ್ಲ. 18 ದಿನದ ನಂತರ ತಮ್ಮನ ಮನೆಯ ವಾಸ್ತುಶಾಂತಿಗೆ ಹುಮನಾಬಾದಿಗೆ ಹೋಗಿದ್ದೆವು. ಮರುದಿನ ಬೆಳಿಗ್ಗೆ 7 ಗಂಟೆಗೆ ಬಾಡಿಗೆದಾರರ ಫೋನ್: ಫ್ಯಾನಿನ ಗುಂಡಿಯಿಂದ ನೀರು ಸುರೀತಿದೆ ಎಂದು. ಅವರೇ ಮಾಳಿಗೆ ಹತ್ತಿ ಟ್ಯಾಂಕಿನ ವಾಲ್ವ್ ಬಂದ್ ಮಾಡಿದರು. ನಾವು ಬರುವಷ್ಟರಲ್ಲಿ ಅಡಿಗೆಮನೆಯ ಕಪಾಟು, ಅಲ್ಮಾರಿ, ಗಾದಿ, ಸೀರೆ ಎಲ್ಲ ಹಾಳಾಗಿತ್ತು. ಕೆಳಗಿನವರ ಟಿವಿ, ಎರಡು ಚೀಲ ಜೋಳ, ತೊಗರಿಬೇಳೆ ನೆನೆದಿತ್ತು. ಮೆಷಿನ್ ಸ್ವಿಚ್ ಬಂದ್ ಮಾಡಿಯೇ ಹೋಗಿದ್ದೆವು. ಕಂಪನಿಯವರು ಈಗ "ಪ್ರಿ ಫಿಲ್ಟರ್ ನಮ್ಮದಲ್ಲ, ಹುಡುಗನೂ ನಮ್ಮ ನೌಕರನಲ್ಲ, ಆದರೂ ಹೊಸ ಮೆಷಿನ್ ಮತ್ತು 5,000 ರೂಪಾಯಿ ಕೊಡುತ್ತೇವೆ, ಈ ಪೇಪರಿಗೆ ಸಹಿ ಹಾಕಿ" ಎನ್ನುತ್ತಿದ್ದಾರೆ. ಬಾಡಿಗೆದಾರರು ಎರಡು ತಿಂಗಳ ಬಾಡಿಗೆ ಬಿಡಿ ಎನ್ನುತ್ತಾರೆ. ನಮ್ಮ ನಷ್ಟ 2,26,000. ಮಾನಸಿಕ ಹಿಂಸೆಗೆ 4 ಲಕ್ಷ ಸೇರಿಸಿ 6,26,000 ಕೇಳಬಹುದಾ? ಕಂಪನಿಯ ಹೊಸ ಹುಡುಗ ಬಂದು ಒಡೆದ ಪಾರ್ಟ್ ಕೇಳಿದ. ನಮ್ಮ ಯಜಮಾನರು ಕೊಡಲಿಲ್ಲ, ಡಬ್ಬಿಯಲ್ಲಿ ಇಟ್ಟಿದ್ದಾರೆ. ಇನ್ನೊಂದು ಮಾತು. ಮೊದಲು ಫಿಟ್ ಮಾಡಿದ ಹುಡುಗ ನಮ್ಮ ಶಾಲೆಯಲ್ಲೇ ಓದಿದವನು. ಅವನಿಗೆ ತೊಂದರೆ ಆಗುತ್ತಾ?

ಉತ್ತರ:

ಅಕ್ಕೋರೇ, ಮೊದಲು ನಿಮ್ಮ ಯಜಮಾನರಿಗೆ ಒಂದು ಕಪ್ ಚಹಾ ಮಾಡಿಕೊಡಿ. ಆ ಡಬ್ಬಿ ನಿಮ್ಮ ಕೇಸಿನ ಅರ್ಧ.

ಇಂಥ ವಿಷಯಕ್ಕೆ ನನ್ನ ಬಳಿ ಬರುವವರೆಲ್ಲ ನಷ್ಟದ ಪಟ್ಟಿ ಹಿಡಿದು ಬರುತ್ತಾರೆ. ಉಬ್ಬಿದ ಪ್ಲೈವುಡ್ಡಿನ ಫೋಟೋ ನೂರು ಇರುತ್ತವೆ. ನೀರು ಎಲ್ಲಿಂದ ಬಂತು ಎಂಬುದಕ್ಕೆ ಒಂದೂ ಇರುವುದಿಲ್ಲ. ಆದರೆ ಗ್ರಾಹಕರ ಆಯೋಗದ ಮುಂದೆ ಜಗಳ ನಡೆಯುವುದು ನಷ್ಟದ ಮೇಲಲ್ಲ. ನಷ್ಟ ಆಗಿದೆ ಎಂದು ಎದುರಿನ ವಕೀಲರೂ ಒಪ್ಪುತ್ತಾರೆ. "ಆದರೆ ಅದು ನಮ್ಮಿಂದ ಅಲ್ಲ" ಎನ್ನುತ್ತಾರೆ, ಅಷ್ಟೇ. ಕೆಲವು ವರ್ಷದ ಹಿಂದೆ ಸೇಡಂ ರೋಡಿನ ಒಬ್ಬರು ಗೀಸರ್ ಕೇಸ್ ತಂದಿದ್ದರು. ಫಿಟ್ಟಿಂಗ್ ತಪ್ಪು ಎಂದು ನನಗೆ ನೂರಕ್ಕೆ ನೂರು ಗೊತ್ತಿತ್ತು. ಒಡೆದ ಕನೆಕ್ಟರ್ ಎಲ್ಲಿ ಎಂದರೆ, ಮನೆ ಸ್ವಚ್ಛ ಮಾಡುವಾಗ ಗುಜರಿಗೆ ಹೋಯಿತು ಎಂದರು. ಎದುರಿನವರು "ಇವರ ಪೈಪೇ ಹಳೆಯದು" ಎಂದುಬಿಟ್ಟರು. ಕೊನೆಗೆ ಕೇಳಿದ್ದರ ಕಾಲು ಭಾಗಕ್ಕೆ ರಾಜಿ ಆಯಿತು.

ಹಾಗಾಗಿ ಡಬ್ಬಿಯಿಂದಲೇ ಶುರು ಮಾಡೋಣ. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಪ್ರಿ ಫಿಲ್ಟರಿನ ಬೌಲಿಗೆ ನೀರು ಒಳಗೆ ಹೋಗುವ ಕಡೆ ಒಂದು ಬಿಳಿ ಪ್ಲಾಸ್ಟಿಕ್ ಎಲ್ಬೋ, ಅಂದರೆ ಮೊಣಕೈ ಹಾಗೆ ಬಾಗಿದ ಪೈಪಿನ ಜೋಡಣೆ ತುಂಡು, ಇದೆ. ಅದರ ಚೂಡಿಯ (ತಿರುಪಿನ ಹಲ್ಲುಗಳ) ಬುಡದಲ್ಲಿ ಸೀಳು. ಚೂಡಿ ಮೇಲೆ ಟೆಫ್ಲಾನ್ ಟೇಪ್ ದಪ್ಪವಾಗಿ ಸುತ್ತಿದೆ, ಬ್ಯಾಂಡೇಜ್ ಕಟ್ಟಿದ ಹಾಗೆ. ಪ್ಲಾಸ್ಟಿಕ್ ಚೂಡಿಗೆ ಟೇಪ್ ಜಾಸ್ತಿ ಸುತ್ತಿ ಪಾನಾ (ಸ್ಪ್ಯಾನರ್) ಹಾಕಿ ಬಿಗಿದರೆ ಅದು ಆ ಕ್ಷಣ ಒಡೆಯುವುದಿಲ್ಲ. ಒಳಗೊಳಗೆ ಬಿರಿದಿರುತ್ತದೆ. ನೀರಿನ ಒತ್ತಡ ಹಗಲು ರಾತ್ರಿ ಇದ್ದೇ ಇರುತ್ತದಲ್ಲ, ಹತ್ತು ದಿನಕ್ಕೋ ಇಪ್ಪತ್ತು ದಿನಕ್ಕೋ ಸೀಳಿಕೊಳ್ಳುತ್ತದೆ. ನಿಮ್ಮದು 18 ದಿನಕ್ಕೆ.

ಆ ಫೋಟೋದಲ್ಲಿ ಇನ್ನೊಂದು ಇದೆ. ನೀವು ಗಮನಿಸಿದ್ದೀರೋ ಇಲ್ಲವೋ. ಸೀಳಿನಿಂದ ಕೆಳಗೆ ಬೌಲಿನ ಮೇಲೆ ಸಣ್ಣ ಬಿಳಿ ಗೆರೆ ಇಳಿದಿದೆ. ಅದು ಸವಳು ನೀರು ಹನಿ ಹನಿಯಾಗಿ ಬಿದ್ದು ಒಣಗಿದ ಗುರುತು. ಒಮ್ಮೆಗೇ ಒಡೆದು ನೀರು ಹರಿದಿದ್ದರೆ ಆ ಗೆರೆ ಬರುತ್ತಿರಲಿಲ್ಲ. ಅಂದರೆ ಕೂಡಿಸಿದ ಮೊದಲ ದಿನಗಳಿಂದಲೇ ಅಲ್ಲಿ ನೀರು ಜಿನುಗುತ್ತಿತ್ತು. ಫಿಟ್ಟಿಂಗ್ ತಪ್ಪು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಕತ್ತಿಗೆ ಎರಡು ಕಡೆ ಬಾಯಿ. "ಎರಡು ವಾರ ಜಿನುಗಿದರೆ ನೀವೇಕೆ ನೋಡಲಿಲ್ಲ?" ಎಂದು ಕೇಳುತ್ತಾರೆ. ನಿಮ್ಮ ಬೌಲ್ ಇರುವುದು ಸಿಂಕಿನ ಕೆಳಗೆ, ಕಪಾಟಿನ ಒಳಗೆ, ಡಸ್ಟ್‌ಬಿನ್ ಹಿಂದೆ. ಆ ಜಾಗ ಆರಿಸಿದ್ದು ಹುಡುಗ, ನೀವಲ್ಲ. ಕಪಾಟಿನ ಬಾಗಿಲು ತೆಗೆದು, ಡಸ್ಟ್‌ಬಿನ್ ಇದ್ದಲ್ಲೇ ಇಟ್ಟು, ನಿಂತ ಎತ್ತರದಿಂದ ಒಂದು ಫೋಟೋ ತೆಗೆಯಿರಿ. ನಿಂತವರ ಕಣ್ಣಿಗೆ ಅದು ಕಾಣುವುದಿಲ್ಲ ಎಂದು ಫೋಟೋವೇ ಹೇಳಲಿ.

ಎಲ್ಬೋ ತೊಳೆಯಬೇಡಿ, ಟೇಪ್ ಬಿಚ್ಚಬೇಡಿ, ಆ ಬಿಳಿ ಗೆರೆ ಒರೆಸಬೇಡಿ. ಡಬ್ಬಿಯನ್ನು ಕವರಿನಲ್ಲಿ ಹಾಕಿ ಅಂಟಿಸಿ. ಅಂಟಿನ ಮೇಲೆ ನೀವು, ಬಾಡಿಗೆದಾರರು, ಮತ್ತೊಬ್ಬ ನೆರೆಯವರು ದಿನಾಂಕ ಹಾಕಿ ಸಹಿ ಮಾಡಿ. ಕಂಪನಿಯವರು ನೋಡಬೇಕೆಂದರೆ ನಿಮ್ಮ ಮನೆಯಲ್ಲೇ, ನಿಮ್ಮ ಮುಂದೆ ನೋಡಲಿ. ಲ್ಯಾಬಿಗೆ ಕಳಿಸಬೇಕಾದರೆ ಆಯೋಗವೇ ಸೀಲ್ ಮಾಡಿ ಕಳಿಸುವ ಅವಕಾಶ ಕಾನೂನಿನಲ್ಲಿದೆ.

ಸ್ವಿಚ್ ಬಂದ್ ಮಾಡಿದರೂ ನೀರು ಹೇಗೆ ಬಂತು? ಆರ್‌ಓ ಮೆಷಿನ್ನಿನ ಒಳಗೆ ನೀರು ತಡೆಯುವ ಒಂದು ಸಣ್ಣ ವಾಲ್ವ್ ಇರುತ್ತದೆ. ಕರೆಂಟ್ ಹೋದರೆ ಅದು ಮುಚ್ಚಿಕೊಳ್ಳುತ್ತದೆ. ಆದರೆ ಅದು ಮೆಷಿನ್ನಿನ ಒಳಗೆ. ನಿಮ್ಮ ಪ್ರಿ ಫಿಲ್ಟರ್ ಅದಕ್ಕಿಂತ ಮುಂಚೆ ಬರುತ್ತದೆ. ನಳದ ಪೈಪಿನಿಂದ ಆ ವಾಲ್ವಿನ ತನಕ ಎಲ್ಲ ಜಾಯಿಂಟುಗಳ ಮೇಲೂ ಟ್ಯಾಂಕಿನ ನೀರು 24 ಗಂಟೆ ತಳ್ಳುತ್ತಲೇ ಇರುತ್ತದೆ. ಸ್ವಿಚ್ಚಿಗೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೇ ನಳದ ಹತ್ತಿರ ಕೈಯಿಂದ ತಿರುಗಿಸುವ ಒಂದು ಸಣ್ಣ ವಾಲ್ವ್ ಹಾಕುತ್ತಾರೆ. ನಿಮ್ಮ ಮನೆಯಲ್ಲೂ ಹಾಕಿದ್ದಾನೆ. ನೀವು ಅದನ್ನು ಬಂದ್ ಮಾಡಿರಲಿಲ್ಲ. ಇದು ನಿಮ್ಮ ಕೇಸಿನ ಸಡಿಲ ಕಡೆ. ಮುಂದೆ ಹೇಳುತ್ತೇನೆ.

ಲೆಕ್ಕ ಹಾಕಿ ನೋಡಿ. ಸೀಳಿನಿಂದ ನಿಮಿಷಕ್ಕೆ ಒಂದು ಲೀಟರ್ ಎಂದುಕೊಳ್ಳೋಣ. ಹಿಂದಿನ ರಾತ್ರಿ 10ಕ್ಕೆ ಸೀಳಿಕೊಂಡಿದ್ದರೂ ಬೆಳಿಗ್ಗೆ 7ರ ಹೊತ್ತಿಗೆ 540 ಲೀಟರ್. ನಿಮ್ಮ ಮಾಳಿಗೆ ಮೇಲಿನ ಟ್ಯಾಂಕ್ 1,000 ಲೀಟರಿನದು, ನೀರು ಇಳಿದರೆ ಮೋಟರ್ ತಾನೇ ಶುರುವಾಗುತ್ತದೆ ಎಂದು ಬರೆದಿದ್ದೀರಿ. ಹಾಗಾಗಿ ಖಾಲಿಯಾಗುವ ಮಾತೇ ಇರಲಿಲ್ಲ. ಬಾಡಿಗೆದಾರರು ಮಾಳಿಗೆ ಹತ್ತದಿದ್ದರೆ ನೀವು ಸಂಜೆ ಬರುವ ತನಕ ಇದು ಎರಡು ಪಟ್ಟು ಆಗುತ್ತಿತ್ತು. ಈ ಮಾತನ್ನು ದೂರಿನಲ್ಲಿ ಬರೆಯಿರಿ. ನಷ್ಟ ಕಡಿಮೆ ಮಾಡಲು ನಿಮ್ಮ ಕಡೆಯವರು ಪ್ರಯತ್ನಪಟ್ಟರು ಎಂಬುದಕ್ಕೆ ಬೆಲೆ ಇದೆ.

"ನಿಮ್ಮ ಮನೆಯಲ್ಲಿ ನೀರಿನ ಪ್ರೆಶರ್ ಜಾಸ್ತಿ" ಎಂಬ ಉತ್ತರವೂ ಬರುತ್ತದೆ, ಬಂದೇ ಬರುತ್ತದೆ. ಅದಕ್ಕೊಂದು ಟೇಪ್ ಹಿಡಿದು ಅಳತೆ ಮಾಡಿಸಿ. ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ. ನಿಮ್ಮ ಟ್ಯಾಂಕ್ ನೇರ ಮೇಲಿನ ಮಾಳಿಗೆಯಲ್ಲಿದೆ, ಸಿಂಕಿನಿಂದ ನಾಲ್ಕೈದು ಮೀಟರ್ ಅಷ್ಟೇ. ಅಂದರೆ ಅರ್ಧ ಕೆಜಿ ಒತ್ತಡವೂ ಇಲ್ಲ. ಪ್ರೆಶರ್ ಪಂಪ್ ಕೂಡಿಸಿಲ್ಲ ತಾನೆ? ಇಲ್ಲದಿದ್ದರೆ ಆ ನೆಪ ಅಲ್ಲಿಗೇ ಮುಗಿಯಿತು. ಮೆಷಿನ್ನಿನ ಪುಸ್ತಕದಲ್ಲಿ ಎಷ್ಟು ಒತ್ತಡ ತಡೆಯುತ್ತದೆ ಎಂದು ಬರೆದಿರುತ್ತಾರೆ. ಆ ಪುಟದ ಫೋಟೋ ತೆಗೆದಿಡಿ.

ಈಗ ಯಾರು ಹೊಣೆ ಎಂಬ ಮಾತು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019 ಬಂದ ಮೇಲೆ ಇದು ಸ್ವಲ್ಪ ಸುಲಭ ಆಗಿದೆ. 2020ರ ಜುಲೈನಿಂದ ಜಾರಿಯಲ್ಲಿದೆ. ಅದರಲ್ಲಿ ವಸ್ತುವಿನಿಂದ ಆದ ಹಾನಿಗೆ ಬೇರೆಯೇ ಒಂದು ಅಧ್ಯಾಯ ಇದೆ. ಸೆಕ್ಷನ್ 84 ತಯಾರಿಸಿದವರಿಗೆ, 85 ಸರ್ವಿಸ್ ಕೊಟ್ಟವರಿಗೆ, 86 ಮಾರಿದವರಿಗೆ. ವಸ್ತುವನ್ನು ಜೋಡಿಸುವಾಗ, ಪರೀಕ್ಷಿಸುವಾಗ ತಕ್ಕ ಎಚ್ಚರ ವಹಿಸದಿದ್ದರೆ ಮಾರಿದವರೂ ಹೊಣೆ ಎಂದು 86 ಹೇಳುತ್ತದೆ. ನಿಮ್ಮ ಕಥೆ ಆ ಸಾಲಿನೊಳಗೇ ಇದೆ. ಇಲ್ಲಿ ಹಾನಿ ಎಂದರೆ ಮೆಷಿನ್ ಕೆಟ್ಟಿದ್ದಲ್ಲ, ಮೆಷಿನ್ ಬಿಟ್ಟು ಬೇರೆ ಆಸ್ತಿಗೆ ಆದದ್ದು. ಆಸ್ತಿ ಹಾಳಾದದ್ದರ ಜೊತೆಗೆ ಬರುವ ಮನಸ್ಸಿನ ಸಂಕಟವೂ ಅದರಲ್ಲಿ ಸೇರುತ್ತದೆ. ಅದರ ಜೊತೆಗೆ ಎಲ್ಲರಿಗೂ ಗೊತ್ತಿರುವ ಸೇವಾ ನ್ಯೂನತೆ ಇದ್ದೇ ಇದೆ. ದೂರಿನಲ್ಲಿ ಎರಡನ್ನೂ ಬರೆಯಿರಿ.

"ಫಿಟ್ಟಿಂಗ್ ಉಚಿತ, ಉಚಿತ ಸೇವೆಗೆ ಗ್ರಾಹಕರೇ ಅಲ್ಲ" ಎಂದು ವಾದಿಸುವವರೂ ಇದ್ದಾರೆ. ಕೇಳಿ ಹೆದರಬೇಡಿ. 13,500ರಲ್ಲಿ ಫಿಟ್ಟಿಂಗ್ ಸೇರಿಯೇ ನೀವು ತಗೊಂಡದ್ದು.

ಹುಡುಗ ನಮ್ಮವನಲ್ಲ ಎಂಬ ಮಾತು ನನಗೆ ಹಳೆಯ ಹಾಡು. ಕಂಪನಿ ತನ್ನ ಕೆಲಸವನ್ನು ಊರಿನ ಒಂದು ಸರ್ವಿಸ್ ಏಜೆನ್ಸಿಗೆ ಕೊಡುತ್ತದೆ. ಏಜೆನ್ಸಿ ಹುಡುಗರನ್ನು ಇಟ್ಟುಕೊಳ್ಳುತ್ತದೆ. ಅದು ಅವರೊಳಗಿನ ಲೆಕ್ಕ. ನೀವು ಕಂಪನಿಯ ನಂಬರಿಗೆ ಫೋನ್ ಮಾಡಿದಿರಿ, ಕಂಪನಿಯಿಂದ ಮೆಸೇಜ್ ಬಂತು, ಹುಡುಗ ಕಂಪನಿಯ ಶರ್ಟ್ ಹಾಕಿ ಬಂದ, ಕೆಲಸ ಮುಗಿದಾಗ ನಿಮ್ಮ ಒಟಿಪಿ ಕೇಳಿದ. ಮನೆ ಬಾಗಿಲಲ್ಲಿ ನಿಂತು ನೀವು ಅವನ ನೇಮಕಾತಿ ಪತ್ರ ನೋಡಬೇಕಿತ್ತಾ? ಆ ಮೆಸೇಜು, ಒಟಿಪಿ, ಜಾಬ್ ಶೀಟಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಆ್ಯಪಿನಲ್ಲಿ ಹಳೆಯವು ಮಾಯ ಆಗುತ್ತವೆ.

ಪ್ರಿ ಫಿಲ್ಟರ್ ವಿಷಯ ಸ್ವಲ್ಪ ಕಠಿಣ. ಕಂಪನಿಯ ಮಾತಿನಲ್ಲಿ ಅರ್ಧ ಹುರುಳಿದೆ, ಸುಳ್ಳು ಹೇಳುವುದಿಲ್ಲ. ಅದು ಅವರ ಡಬ್ಬದಲ್ಲಿ ಬಂದದ್ದಲ್ಲ. 900 ರೂಪಾಯಿ ಅವರ ಖಾತೆಗೆ ಹೋಗಿಲ್ಲ. ವಸ್ತುವನ್ನು ಬದಲಾಯಿಸಿದ್ದರೆ, ತಪ್ಪಾಗಿ ಬಳಸಿದ್ದರೆ ಮಾರಿದವರ ಮೇಲೆ ವಸ್ತುವಿನ ಹಾನಿಯ ದಾವೆ ನಡೆಯದು ಎಂದು ಸೆಕ್ಷನ್ 87 ಹೇಳುತ್ತದೆ. ಅದನ್ನೇ ಹಿಡಿದುಕೊಳ್ಳುತ್ತಾರೆ. ನಿಮ್ಮ ಉತ್ತರ ಇದು: ಬದಲಾಯಿಸಿದ್ದು ನಾವಲ್ಲ, ನೀವು ಕಳಿಸಿದವನೇ. ನಿಮ್ಮ ಕೆಲಸಕ್ಕೆಂದು ಬಂದ ಹೊತ್ತಿನಲ್ಲೇ, ಅದಿಲ್ಲದೆ ಮೆಷಿನ್ ನಡೆಯುವುದಿಲ್ಲ ಎಂದು ಹೇಳಿಯೇ ಹಾಕಿದ. ಆ ದಿನ, ಆ ಗಂಟೆಯಲ್ಲಿ ಹಣ ಹೋದದ್ದು ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿದೆ. ಬಿಲ್ ಇಲ್ಲ ಎಂದು ಕೊರಗಬೇಡಿ, ಆ ಸಾಲೇ ಬಿಲ್. ಕೆಲಸ ಮುಗಿದ ಮೇಲೆ ಅವನು ಫಿಟ್ಟಿಂಗಿನ ಫೋಟೋ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದಾನೆ ಎಂದೂ ಬರೆದಿದ್ದೀರಿ. ಅದರಲ್ಲಿ ಬೌಲ್ ಕಾಣುತ್ತಿದ್ದರೆ ಚಿನ್ನ. ಫೋನಿನಲ್ಲಿರುವುದನ್ನು ಪ್ರಿಂಟ್ ಮಾಡಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿಡಿ. ಆಯೋಗದಲ್ಲಿ ಸಾಕ್ಷ್ಯದ ನಿಯಮ ಅಷ್ಟು ಬಿಗಿ ಅಲ್ಲ, ಆದರೂ ಇದ್ದರೆ ಯಾರೂ ಬೆರಳು ತೋರಿಸುವುದಿಲ್ಲ. ಮತ್ತೆ, ಮಧ್ಯದಲ್ಲಿ ಬೇರೆ ಯಾವ ಪ್ಲಂಬರಾದರೂ ಅದಕ್ಕೆ ಕೈ ಹಚ್ಚಿದ್ದರೆ ನನಗೆ ಮುಚ್ಚಿಡಬೇಡಿ.

ಹಾಗಾಗಿ ಅಂಗಡಿ, ಕಂಪನಿ, ಸರ್ವಿಸ್ ಏಜೆನ್ಸಿ ಮೂರನ್ನೂ ಎದುರುದಾರರು ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದವರು ಎಲ್ಲವನ್ನೂ ಅವರ ತಲೆಗೆ ಕಟ್ಟುತ್ತಾರೆ.

ಈಗ ಆ ಸಡಿಲ ಕಡೆ: ವಾಲ್ವ್ ಬಂದ್ ಮಾಡದೆ ಊರಿಗೆ ಹೋದದ್ದು. ಹೊರಗೆ ಹೋಗುವಾಗ ನೀರಿನ ವಾಲ್ವ್ ಬಂದ್ ಮಾಡಿ ಎಂದು ಪುಸ್ತಕದಲ್ಲಿ ಬರೆದಿದೆಯಾ ನೋಡಿ. ಇದ್ದರೆ ಆಯೋಗ ಪರಿಹಾರದಲ್ಲಿ ಸ್ವಲ್ಪ ಕಡಿತ ಮಾಡಬಹುದು. ಇಲ್ಲದಿದ್ದರೆ, ಹುಡುಗನೂ ಬಾಯಿಮಾತಲ್ಲಿ ಹೇಳದಿದ್ದರೆ, ಎಚ್ಚರಿಕೆ ಕೊಡದ್ದೇ ಅವರ ಇನ್ನೊಂದು ತಪ್ಪು. ಯಾವುದಾದರೂ ಸರಿ, ಇದನ್ನು ಅವರು ಹೇಳುವ ಮುಂಚೆ ನೀವೇ ದೂರಿನಲ್ಲಿ ಹೇಳಿಬಿಡಿ. ಮುಚ್ಚಿಟ್ಟ ಸಂಗತಿ ಎದುರಿನವರ ಬಾಯಿಂದ ಬಂದರೆ ಅದರ ತೂಕವೇ ಬೇರೆ.

ನಿಮ್ಮ 6,26,000ದ ಪಟ್ಟಿ ನೋಡಿ ನಕ್ಕೆ ಎಂದರೆ ಬೇಸರ ಮಾಡಬೇಡಿ. ಈ ಸಂಖ್ಯೆ ನಿಮಗೆ ಕೇಡು. ಮಾನಸಿಕ ಹಿಂಸೆ ನಷ್ಟಕ್ಕಿಂತ ದೊಡ್ಡದಿದ್ದರೆ ನಷ್ಟದ ಪಟ್ಟಿಯ ಮೇಲೂ ಅನುಮಾನ ಬರುತ್ತದೆ. ಮತ್ತೆ, ಹಳೆಯ ಸಾಮಾನಿಗೆ ಹೊಸದರ ಬೆಲೆ ಹಾಕಿದ್ದೀರಿ. ನಾನು ಹೀಗೆ ಹಾಕುತ್ತೇನೆ. ಅಡಿಗೆಮನೆಯ ಕೆಳಗಿನ ಕಪಾಟುಗಳಿಗೆ ನೀವು ಹಾಕಿದ್ದು 78,000, ಈಗಿನ ಹೊಸ ದರ. ಮಾಡಿಸಿ ಐದು ವರ್ಷ ಆಗಿದೆ. ಹದಿನೈದು ವರ್ಷ ಬಾಳುತ್ತಿತ್ತು ಎಂದುಕೊಂಡು ಮೂರನೇ ಒಂದು ಭಾಗ ಬಿಡಿ, 52,000. ಅಲ್ಮಾರಿಯ ಬುಡ ಮಾತ್ರ ಉಬ್ಬಿದೆ. ಬಡಿಗೇರರು 16,000ಕ್ಕೆ ರಿಪೇರಿ ಮಾಡಿಕೊಡುತ್ತಾರೆ ಎಂದು ನೀವೇ ಬರೆದಿದ್ದೀರಿ, ಮತ್ತೇಕೆ 42,000? ಗಾದಿಗಳು ಎಂಟು ವರ್ಷದವು, 18,000 ಬೇಡ, 5,000 ಸಾಕು. ಸೀರೆಗಳಿಗೆ 25,000. ಒಂದು ಪೂರ್ತಿ ಹೋಗಿದೆ, 9,000ದ ಬಿಲ್ ಇದೆ. ಉಳಿದವು ಡ್ರೈ ಕ್ಲೀನಿಂಗಿನಲ್ಲಿ ಸರಿಹೋಗುತ್ತವೆ, 3,000. ಒಟ್ಟು 12,000. ಕೆಳಗಿನ ಮನೆಯ ಗಿಲಾವು, ಬಣ್ಣಕ್ಕೆ 34,000 ಪೂರ್ತಿ ಕೇಳಿ, ಅದು ನಿಜವಾಗಿ ಆಗುವ ಖರ್ಚು. ಬಾಡಿಗೆದಾರರ ಟಿವಿ ಮೂರು ವರ್ಷದ್ದು. 22,000ಕ್ಕೆ ತಗೊಂಡದ್ದು, 12,000 ಇಡಿ. ಜೋಳ, ಬೇಳೆಗೆ 7,000 ಪೂರ್ತಿ. ತಿನ್ನುವ ಕಾಳಿಗೆ ಸವಕಳಿ ಎಂಥದು?

ಕೂಡಿಸಿದರೆ 1,38,000. ಮಾನಸಿಕ ಸಂಕಟಕ್ಕೆ 25,000, ಕೇಸಿನ ಖರ್ಚಿಗೆ 10,000. ಒಟ್ಟು 1,73,000, ನೋಟಿಸ್ ಕೊಟ್ಟ ದಿನದಿಂದ ಬಡ್ಡಿ. ಮೆಷಿನ್ನಿನ 13,500 ಬೇರೆ, ಹಣ ವಾಪಸ್ ಕೊಡಿ ಅಥವಾ ಹೊಸದು ಕೊಡಿ ಎಂದು ಕೇಳಿ. 6 ಲಕ್ಷಕ್ಕಿಂತ ಈ ಲೆಕ್ಕ ನಿಮ್ಮ ಕೈಗೆ ಜಾಸ್ತಿ ದುಡ್ಡು ತರುತ್ತದೆ. ಪ್ರತಿ ಸಾಲಿನ ಹಿಂದೆ ಒಂದು ಚೀಟಿ ಇರುತ್ತದಲ್ಲ, ಅದಕ್ಕೆ.

ಆದರೆ ಗಿಲಾವು ಈಗಲೇ ಮಾಡಿಸಬೇಡಿ, ಲೆಕ್ಕವನ್ನೂ ಈಗಲೇ ಮುಗಿಸಬೇಡಿ. ಕೆಳಗಿನ ಮನೆಗೆ ಶಹಾಬಾದ್ ಕಲ್ಲಿನ ನೆಲ ಎಂದಿದ್ದೀರಿ. ಕಲ್ಲಿಗೆ ಏನೂ ಆಗುವುದಿಲ್ಲ, ನಮ್ಮ ಫರ್ಸಿ ಗಟ್ಟಿ. ಸಂದಿಗಳಲ್ಲಿ ಇಳಿದ ನೀರಿಗೆ ಕೆಳಗಿನ ಮಣ್ಣು ಕುಸಿದು ಕೆಲವು ಕಲ್ಲು ಅಲುಗಾಡತೊಡಗಬಹುದು. ಗೋಡೆಯ ಕಥೆ ಬೇರೆ. ನೀರು ಕುಡಿದ ಗೋಡೆ ಒಣಗುವಾಗ ಒಳಗಿನ ಉಪ್ಪು ಹೊರಗೆ ಬರುತ್ತದೆ. ಮೂರು ನಾಲ್ಕು ವಾರಕ್ಕೆ ಬಿಳಿ ಪುಡಿ ಏಳುತ್ತದೆ, ಬಣ್ಣ ಹೊಪ್ಪಳಿಕೆಯಾಗಿ ಬೀಳುತ್ತದೆ. ಆಗ ಮತ್ತೆ ಬಣ್ಣ ಹಚ್ಚಬೇಕು. ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಒಬ್ಬ ಸಿವಿಲ್ ಎಂಜಿನಿಯರರಿಂದ ಎರಡು ಪುಟದ ವರದಿ ಬರೆಸಿ: ನೀರು ಎಲ್ಲಿಂದ ಹೊರಟು ಎಲ್ಲಿ ಇಳಿಯಿತು, ಏನು ರಿಪೇರಿ ಬೇಕು, ಎಷ್ಟು ಖರ್ಚು. ಅವರ ಫೀಸನ್ನೂ ಖರ್ಚಿಗೆ ಸೇರಿಸಿ.

ಆ 5,000ದ ಪೇಪರಿಗೆ ಸಹಿ ಬೇಡವೇ ಬೇಡ. ಅದರಲ್ಲಿ "ಎಲ್ಲ ಕ್ಲೇಮುಗಳಿಗೂ ಪೂರ್ತಿ ಮತ್ತು ಅಂತಿಮ" ಎಂಬ ಸಾಲು ಇರುತ್ತದೆ. ಬಲವಂತದಿಂದ ಸಹಿ ಮಾಡಿದೆ ಎಂದು ಆಮೇಲೆ ವಾದಿಸಬಹುದು, ಆದರೆ ಒಬ್ಬ ಶಿಕ್ಷಕಿ ಓದದೇ ಸಹಿ ಮಾಡಿದರು ಎಂದರೆ ಯಾರು ನಂಬುತ್ತಾರೆ? ಇನ್ನೂ ಒಂದು ಕಾರಣ ಇದೆ. ಮನೆ ಮೇಲೆ ಸಾಲ ಇದೆಯಾ? ಇದ್ದರೆ ಬ್ಯಾಂಕಿನವರು ಸಾಲದ ಜೊತೆ ಮನೆಗೆ ವಿಮೆ ಮಾಡಿಸಿರುವುದು ಹೆಚ್ಚು. ಬಹಳ ಜನಕ್ಕೆ ಅದು ನೆನಪೇ ಇರುವುದಿಲ್ಲ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೀರಿನ ಟ್ಯಾಂಕ್, ಪೈಪ್, ಉಪಕರಣ ಒಡೆದು ಆದ ಹಾನಿಯೂ ಸೇರಿದೆ. ಪಾಲಿಸಿ ತೆಗೆದು ನೋಡಿ, ಇದ್ದರೆ ಈ ವಾರವೇ ವಿಮಾ ಕಂಪನಿಗೆ ಬರೆದು ತಿಳಿಸಿ. ಅವರು ದುಡ್ಡು ಕೊಟ್ಟರೆ ಅದನ್ನು ತಪ್ಪು ಮಾಡಿದವರಿಂದ ವಸೂಲಿ ಮಾಡುವ ಹಕ್ಕು ಅವರಿಗೆ ಬರುತ್ತದೆ. ನೀವು ಮೊದಲೇ 5,000ಕ್ಕೆ ಎಲ್ಲ ಬಿಟ್ಟುಕೊಟ್ಟಿದ್ದರೆ ಆ ಹಕ್ಕು ಮುರಿಯುತ್ತದೆ, ವಿಮೆಯವರೂ ತಕರಾರು ತೆಗೆಯುತ್ತಾರೆ. ಒಂದೇ ನಷ್ಟಕ್ಕೆ ಎರಡೂ ಕಡೆ ದುಡ್ಡು ತಗೊಳ್ಳುವ ಹಾಗಿಲ್ಲ, ಅದು ನೆನಪಿರಲಿ.

ಕಂಪನಿಗೆ ಇಷ್ಟು ಬರೆದು ಕಳಿಸಿ: "ನಿಮ್ಮ 5,000ವನ್ನು ನಷ್ಟದ ಒಂದು ಭಾಗವೆಂದು ಮಾತ್ರ ತಗೊಳ್ಳಲು ಸಿದ್ಧ. ಉಳಿದದ್ದಕ್ಕೆ ನಮ್ಮ ಹಕ್ಕು ಬಿಟ್ಟಿಲ್ಲ." ಅವರು ಕೊಡುವುದಿಲ್ಲ. ಕೊಡದಿದ್ದರೂ ಪರವಾಗಿಲ್ಲ, ನೀವು ಮೊಂಡು ಹಿಡಿದವರಲ್ಲ ಎಂದು ಕಾಗದದಲ್ಲಿ ಇರುತ್ತದೆ.

ಬಾಡಿಗೆದಾರರ ಜೊತೆ ಕಾನೂನು ಮಾತಾಡಲು ಹೋಗಬೇಡಿ. ಬೆಳಿಗ್ಗೆ 7ಕ್ಕೆ ಮಾಳಿಗೆ ಹತ್ತಿದವರು ಅವರು, ನಿಮ್ಮ ದೊಡ್ಡ ಸಾಕ್ಷಿಯೂ ಅವರೇ. ಸುಮ್ನೆ ಎರಡು ತಿಂಗಳ ಬಾಡಿಗೆ ಬಿಟ್ಟರೆ ಅದು ನಿಮ್ಮ ಔದಾರ್ಯ ಆಗುತ್ತದೆ, ಕಂಪನಿಯಿಂದ ಕೇಳುವ ನಷ್ಟ ಆಗುವುದಿಲ್ಲ. ಅವರ ಸಾಮಾನಿನ ಪಟ್ಟಿ ಮಾಡಿ, ಟಿವಿ, ಕಾಳು ಸೇರಿ 19,000 ಎಂದು ಒಪ್ಪಂದ ಆದರೆ ಅದನ್ನೇ ಬಾಡಿಗೆಯಲ್ಲಿ ಮುರಿದುಕೊಳ್ಳಲಿ. "ಆರ್‌ಓ ಫಿಟ್ಟಿಂಗ್ ಒಡೆದು ಆದ ನಷ್ಟಕ್ಕೆ ಇಷ್ಟು ಬಂದಿದೆ" ಎಂದು ರಸೀದಿ ಬರೆಸಿಕೊಳ್ಳಿ. ಅದಕ್ಕೂ ಮುಂಚೆ, ಕೆಳಗಿನವರು ಇಷ್ಟು ಕೇಳುತ್ತಿದ್ದಾರೆ ಎಂದು ಕಂಪನಿಗೆ ನೋಟಿಸಿನಲ್ಲಿ ತಿಳಿಸಿರಬೇಕು.

ನೋಟಿಸ್ ಕಡ್ಡಾಯ ಏನಲ್ಲ, ಆದರೆ ಕೊಡಿ. ಮೂವರಿಗೂ ಸ್ಪೀಡ್ ಪೋಸ್ಟಿನಲ್ಲಿ, 15 ದಿನದ ಗಡುವು. ಅದೇ ಹೊತ್ತಿಗೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅವರು ಆದೇಶ ಕೊಡುವವರಲ್ಲ, ಕಂಪನಿಗೆ ತಲುಪಿಸಿ ಮಾತಾಡಿಸುವವರು. ದೊಡ್ಡ ಕಂಪನಿಗಳು ಎಷ್ಟೋ ಸಲ ಅಲ್ಲೇ ಬಗ್ಗುತ್ತವೆ.

ಬಗ್ಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿಯ ಹೆಡ್ ಆಫೀಸ್ ಎಲ್ಲೇ ಇರಲಿ, ನೀವು ಇರುವ ಊರಲ್ಲೇ ದೂರು ಕೊಡಬಹುದು. ಫೀಸ್ ಲೆಕ್ಕ ಮಾಡುವುದು ನೀವು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಬೆಲೆಯ ಮೇಲೆ. 5 ಲಕ್ಷದ ತನಕ ಫೀಸೇ ಇಲ್ಲ. ನಿಮ್ಮದು 13,500. ಘಟನೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಕನ್ನಡದಲ್ಲೇ ಬರೆಯಿರಿ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಹಾಕಬಹುದು. ವಕೀಲರು ಬೇಕೇ ಬೇಕು ಎಂದಿಲ್ಲ. ನಾನೇ ವಕೀಲ ಆಗಿದ್ದೂ ಇದನ್ನು ಹೇಳುತ್ತಿದ್ದೇನೆ, ನಂಬಿ. ಪ್ರತಿ ತಾರೀಖಿಗೂ ರಜೆ ಸಿಗುವುದಿಲ್ಲ ಎಂಬ ಚಿಂತೆ ಇದ್ದರೆ, ವಿಡಿಯೋ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ಸಾಕ್ಷ್ಯ ಬಹುಪಾಲು ಅಫಿಡವಿಟ್ಟಿನಲ್ಲೇ ನಡೆಯುತ್ತದೆ, ಹಾಗಾಗಿ ಬಾಡಿಗೆದಾರರ ಅಫಿಡವಿಟ್ ಮೊದಲೇ ಮಾಡಿಸಿಡಿ.

ಆಯೋಗದ ನೋಟಿಸ್ ಮುಟ್ಟಿದ ಮೇಲೆ ಎದುರುದಾರರು 30 ದಿನದಲ್ಲಿ ಉತ್ತರ ಕೊಡಬೇಕು. ಆಯೋಗ ಇನ್ನು 15 ದಿನ ಕೊಡಬಹುದು. ಅದರ ಮೇಲೆ ಒಂದು ದಿನವೂ ಇಲ್ಲ, 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಖಡಾಖಂಡಿತ ಹೇಳಿದೆ. ಈ 45 ದಿನ ಎಣಿಸುತ್ತಾ ಇರಿ. ತಡವಾಗಿ ಬಂದ ಉತ್ತರಕ್ಕೆ ನೀವು ಆಕ್ಷೇಪ ಎತ್ತದಿದ್ದರೆ ಯಾರೂ ಎತ್ತುವುದಿಲ್ಲ. ಕೇಸ್ ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ನೀವು ಒಂದು ವರ್ಷ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮಧ್ಯಸ್ಥಿಕೆಗೆ ಕಳಿಸಿದರೆ ಹೋಗಿ. 1,10,000ದಷ್ಟು ಆ ದಿನವೇ ಸಿಗುವ ಹಾಗಿದ್ದರೆ ನಾನಾದರೆ ತಗೊಳ್ಳುತ್ತೇನೆ. ಆದೇಶ ನಿಮ್ಮ ಕಡೆ ಆಗಿ ಅವರು ಮೇಲ್ಮನವಿಗೆ ಹೋಗಬೇಕಾದರೆ 45 ದಿನದಲ್ಲಿ, ಅದೂ ಆದೇಶದ ಅರ್ಧ ಹಣ ಠೇವಣಿ ಇಟ್ಟು ಹೋಗಬೇಕು. ಆದೇಶ ಪಾಲಿಸದೆ ಸುಮ್ಮನಿದ್ದರೆ ಜೈಲು, ದಂಡ ಎರಡಕ್ಕೂ ಸೆಕ್ಷನ್ 72ರಲ್ಲಿ ಅವಕಾಶ ಇದೆ.

ವಾರಂಟಿ ಕಾರ್ಡಿನ ಹಿಂದೆ ಸಣ್ಣಕ್ಷರದಲ್ಲಿ "ಮೆಷಿನ್ನಿಂದ ಬೇರೆ ವಸ್ತುಗಳಿಗೆ ಆಗುವ ಹಾನಿಗೆ ನಾವು ಹೊಣೆಯಲ್ಲ" ಎಂದು ಇರಬಹುದು. ಅದಕ್ಕೆ ಮಣಿಯಬೇಡಿ. ಮೇಲೆ ಹೇಳಿದ ಅಧ್ಯಾಯ ಇರುವುದೇ ಅಂಥ ಹಾನಿಗಾಗಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಆ ಹುಡುಗನದು. ಅವನನ್ನು ಎದುರುದಾರನಾಗಿ ಸೇರಿಸಲೇಬೇಕು ಎಂದಿಲ್ಲ. ಸೇರಿಸದಿದ್ದರೂ ನಿಮ್ಮ ದೂರು ನಿಲ್ಲುತ್ತದೆ, ಕೆಲಸ ಕೊಟ್ಟವರು ಅವನ ಕೆಲಸಕ್ಕೆ ಹೊಣೆ. ಅವನಿಂದ 1,73,000 ಬರುವುದೂ ಇಲ್ಲ. ಆದರೆ ಕಂಪನಿ ಅವನನ್ನು ತೆಗೆದುಹಾಕುತ್ತದೋ, ಅವನ ದುಡ್ಡು ಹಿಡಿಯುತ್ತದೋ, ಅದು ನಿಮ್ಮ ಕೈಯಲ್ಲಿಲ್ಲ. ಅವನನ್ನು ಮನೆಗೆ ಕರೆದು ಬೈಯಬೇಡಿ, ಬರೆಸಿಕೊಳ್ಳಲೂ ಹೋಗಬೇಡಿ. ಸಾಕ್ಷಿಯ ಮೇಲೆ ಒತ್ತಡ ಹಾಕಿದರು ಎಂದು ಅದನ್ನೇ ಎತ್ತಿಹಿಡಿಯುತ್ತಾರೆ. ಅವನಾಗಿ ಬಂದರೆ ಒಂದೇ ಪ್ರಶ್ನೆ ಕೇಳಿ: ಫಿಟ್ಟಿಂಗ್ ಹೇಗೆ ಮಾಡಬೇಕು ಎಂದು ನಿನಗೆ ಯಾರಾದರೂ, ಎಂದಾದರೂ, ಎಷ್ಟು ದಿನ ಕಲಿಸಿದರು? ಅದರ ಉತ್ತರ ಏನೇ ಇರಲಿ, ನೋಟಿಸಿಗೆ ಉತ್ತರ ಬಂದ ಮೇಲೆ ನನಗೆ ಮತ್ತೆ ಬರೆಯುವಾಗ ಅದನ್ನೂ ಬರೆಯಿರಿ.